ಬಲ ಅಂದರೆ ಬಾ

ಬರ್ಸೀಮ್ ಹುಲ್ಲಿನ ವಾಸನೆ, ಹಸಿ, ಸ್ವಲ್ಪ ಸಿಹಿ, ಒಂದು ಮುಷ್ಟಿ ನಾನೇ ತಿನ್ನುವಾ ಅನ್ನಿಸ್ತದೆ, ಮತ್ತೆ ಕಬ್ಬಿಣದ ಬಾಗಿಲಿನ ಆಚೆ ಕತ್ತಲಲ್ಲಿ ಅವಳ ಉಸಿರು, ಬುಸ್, ಬುಸ್, ಬಾಗಿಲು ಪೂರ್ತಿ ತೆರೆದುಂಟು, ಎಂಟೂವರೆಯಿಂದ ತೆರೆದುಂಟು, ಈಗ ಒಂಬತ್ತು ಕಾಲು, ಎರಡು ಟನ್ ತೂಕದ ಘೇಂಡಾಮೃಗ ಒಳಗೆ ನಿಂತು ಹೊಸ ಮದುಮಗಳ ಹಾಗೆ ನಾಚ್ತಾ ಉಂಟು — ನಾಚಿಕೆ ಎಂತದು, ಹೆದರಿಕೆ, ನನಗೆ ಗೊತ್ತಿಲ್ವಾ. ಕರೆದರೆ ಬರ್ತಾಳೆ. ಕರೆಯಬೇಕಾದವನು ನಾನು, ಹಂಝ, ನಾಲ್ಕು ತಿಂಗಳಿಂದ ಅವಳಿಗೆ ಹುಲ್ಲು ಹಾಕಿ ಸೆಗಣಿ ಬಾಚಿದವನು, ಮತ್ತೆ ಇವತ್ತೇ, ನೋಡಿ, ಇವತ್ತೇ ನನ್ನ ಗಂಟಲು ಕಟ್ಟಬೇಕಾ! ನಿನ್ನೆ ಗಾಳಿಗೆ ಎದ್ದ ಧೂಳು, ಅದರ ಮೇಲೆ ಈ ಅರಬಿ ಬೆಟ್ಟದೂರು ಖಮೀಸ್ ಮುಶೈತಿನ ಚಳಿ, ಬಾಯಿ ತೆರೆದರೆ ಹಳೇ ಪಂಪಿನ ಹಾಗೆ ಬರೀ ಗಾಳಿ. ಡಾಕ್ಟರ್ ನಬೀಲ್ ಗಡಿಯಾರ ನೋಡ್ತಾರೆ. ಒಳ್ಳೆಯ ಮನುಷ್ಯ, ಇಲ್ಲೇ ಪಕ್ಕದ ಅಭಾ ಊರಿನವರು, ಆದರೆ ಪ್ರಾಣಿಗಳ ವಿಷಯಕ್ಕೆ ಬಂದರೆ ಮಾತು ಒಂದೇ, ಹಂಝ, ಇವತ್ತು ಅವಳು ತಾನಾಗಿ ಬಯಲಿಗೆ ಬರಬೇಕು, ಸಿಮೆಂಟಿನ ಮೇಲೆ ನಿಂತು ನಿಂತು ಪಾದ ಹಾಳಾಗ್ತಾ ಉಂಟು, ಬರದಿದ್ದರೆ ನಾಳೆ ಲಾರಿ, ಉತ್ತರದ ಕೇಂದ್ರಕ್ಕೆ. ಲಾರಿ ಅಂದರೆ ಮತ್ತೆ ಆ ಪೆಟ್ಟಿಗೆ. ಆ ಪೆಟ್ಟಿಗೆ ನಾನು ನೋಡಿದ್ದೇನೆ, ಆಫ್ರಿಕಾದಿಂದ ಬಂದ ದಿನ ಅದರ ಹಲಗೆಯಲ್ಲಿ ಅವಳ ಮೂಗಿನ ರಕ್ತ, ಹನ್ನೊಂದು ದಿನ ಒಂದು ಹುಲ್ಲುಕಡ್ಡಿ ಮುಟ್ಟಲಿಲ್ಲ, ಗೋಡೆಗೆ ಮುಖ ಹಾಕಿ ನಿಂತವಳು ನಿಂತೇ ಇದ್ದಳು, ಹನ್ನೆರಡನೇ ದಿನ ನಾನು ಕರೆದಾಗ ಕಿವಿ ಒಂದು, ಒಂದೇ ಒಂದು, ಸುರುಳಿ ಸುತ್ತಿದ ವೀಳ್ಯದೆಲೆಯ ಹಾಗಿನ ಕಿವಿ, ನನ್ನ ಕಡೆ ತಿರುಗಿತು. ಇನ್ನೊಮ್ಮೆ ಪೆಟ್ಟಿಗೆಗೆ ಹಾಕಿದರೆ ಅವಳು ಉಳಿಯುದಿಲ್ಲ ಮಾರಾಯ, ನನ್ನ ಮನಸ್ಸು ಹೇಳ್ತದೆ.

ಬೇಲಿಯಾಚೆ ಇಂಡಿಯನ್ ಸ್ಕೂಲಿನ ನಲವತ್ತು ಮಕ್ಕಳು, ಇವತ್ತೇ ನಮ್ಮ ವನ್ಯಧಾಮ ಪ್ರವಾಸಿಗಳಿಗೆ ತೆರೆಯುವ ದಿನ, ಟೀಚರ್ ವಿಸ್ಮಯಾ ತುಟಿಗೆ ಬೆರಳಿಟ್ಟು ನಿಂತಿದ್ದಾರೆ, ಪಾಪ, ನಲವತ್ತು ಬಾಯಿಗೆ ಒಂದು ಬೆರಳು. ಬಂದ ಕೂಡಲೇ ಒಬ್ಬಳು ಹುಡುಗಿಯ ಪ್ರಶ್ನೆ, ಅಂಕಲ್, ಬೋರ್ಡಿನ ಫೋಟೋದಲ್ಲಿ ಕೊಂಬೇ ಇಲ್ವಲ್ಲ. ನಾನು ಮೂಗಿನ ಮೇಲೆ ಬೆರಳಲ್ಲಿ ಗರಗಸ ಎಳೆದು ತೋರಿಸಿದೆ, ಉಗುರು ತೋರಿಸಿದೆ, ಡಾಕ್ಟರ್ ಬಿಡಿಸಿ ಹೇಳಿದರು, ಉಗುರು ಕತ್ತರಿಸಿದ ಹಾಗೆ ಅಷ್ಟೇ, ನೋಯುದಿಲ್ಲ, ಕೊಂಬಿಲ್ಲದಿದ್ದರೆ ಕಳ್ಳರಿಗೆ ಅವಳನ್ನು ಕೊಂದು ಲಾಭ ಇಲ್ಲ. ಅರಬಿಯಲ್ಲಿ ಇವಳ ಜಾತಿಗೆ ಒಂಟಿಕೊಂಬು ಅಂತ ಹೆಸರು, ಇವಳಿಗೆ ಇದ್ದದ್ದು ಎರಡು, ಈಗ ಸರಿಯಾದ್ದು ಒಂದೂ ಇಲ್ಲ, ಎಂತ ಅವಸ್ಥೆ. ಮುದೀರನ, ಅಂದರೆ ನಮ್ಮ ಮ್ಯಾನೇಜರನ, ತಂದೆಯೂ ಬಂದು ಕುರ್ಚಿಯಲ್ಲಿ ಕೂತಿದ್ದಾರೆ, ಎಂಬತ್ತು ದಾಟಿದ ಅಜ್ಜ, ಸೊಂಟದಲ್ಲಿ ಅವರ ಅಜ್ಜನ ಕಾಲದ ಕಠಾರಿ, ಅದರ ಹಿಡಿ ಇದೇ ಜಾತಿಯ ಕೊಂಬು, ಹಿಂದೆ ಒಂದು ಸಲ ಹೆಮ್ಮೆಯಲ್ಲಿ ನನಗೆ ತೋರಿಸಿದ್ದರು, ಈಗ ನೋಡಿದರೆ ಬಾಗಿಲಿನ ಕಡೆ ನೋಡುತ್ತಾ ಮೆಲ್ಲಗೆ ಶಾಲು ಎಳೆದು ಅದನ್ನು ಮುಚ್ಚಿಕೊಂಡರು. ನನಗೆ ಅಜ್ಜನ ಮೇಲೆ ಪ್ರೀತಿ ಬಂತು.

ಬಲ. ಇಷ್ಟೇ ಶಬ್ದ. ತುಳುವಿನಲ್ಲಿ ಬಾ ಅಂತ. ವಿಟ್ಲದಲ್ಲಿ ನಮ್ಮ ಮನೆಯೊಳಗೆ ಬ್ಯಾರಿ ಭಾಷೆ, ಹಟ್ಟಿಯಲ್ಲಿ ಮಾತ್ರ ತುಳು, ಯಾಕೆಂದರೆ ಎಮ್ಮೆ ತಂದದ್ದು ಶೆಟ್ರ ಮನೆಯಿಂದ, ನಾನು ಎಷ್ಟು ಕರೆದರೂ ಅದು ಹಟ್ಟಿ ಬಿಟ್ಟು ಹೊರಡದಾಗ ನನ್ನ ಉಮ್ಮ ಸುಬೈದಾ ನಕ್ಕದ್ದು, ಅದಕ್ಕೆ ನಮ್ಮ ಭಾಷೆ ಎಲ್ಲಿ ಬರ್ತದೆ ಮಗ, ಅದು ತುಳು ಎಮ್ಮೆ, ಅಂತ ಹೇಳಿ ಹೊಸ್ತಿಲಲ್ಲಿ ಕೂತು ಹುಣಸೆ ಬೀಜ ಬಿಡಿಸುತ್ತಾ, ಎಮ್ಮೆಯ ಕಡೆ ನೋಡದೆಯೇ, ಬಲ... ಬಲ ಬಲ, ಮೊದಲನೆಯದು ಉದ್ದ, ಮತ್ತಿನ ಎರಡು ಗಿಡ್ಡ, ಕೊನೆಯದು ಹೊಟ್ಟೆಯೊಳಗೆ ಇಳಿಯುವ ಹಾಗೆ. ಅಂದಿನಿಂದ ನನ್ನ ತಲೆಯಲ್ಲಿ ಕೂತದ್ದು, ಪ್ರಾಣಿಗಳಿಗೆಲ್ಲ ತುಳುವೇ. ಇಲ್ಲಿ ಆಫ್ರಿಕಾದವಳಿಗೂ ಅದೇ ಹೇಳಿದೆ, ಕೋಣನ ಮುಂದೆ ಕಿನ್ನರಿ ಅಂತ ಬೇರೆಯವರು ನಗಾಡಿದರು, ಅವಳು ಕಿವಿ ತಿರುಗಿಸಿದಳು. ಡಾಕ್ಟರಿಗೆ ಖುಷಿ, ಅರಬಿಯಲ್ಲಿ ಬಲಾ ಅಂದರೆ ಹೌದು, ಯಾಕಿಲ್ಲ, ಅಂತ ಅರ್ಥವಂತೆ, ಅದು ಅವಳ ಹೆಸರೆಂದೇ ತಿಳಿದು ಬೋರ್ಡಿನಲ್ಲಿ ಬರೆಸಿಯೂ ಬಿಟ್ಟರು. ಆದರೆ ಗುಲಾಮ್ ಮುಹಮ್ಮದ್ ಮಾತ್ರ ತೌಬಾ ತೌಬಾ. ಮುಲ್ತಾನಿನವ, ನನ್ನ ಜೊತೆಗೇ ಕೆಲಸ, ಅವನ ಉರ್ದುವಿನಲ್ಲಿ ಬಲಾ ಅಂದರೆ ಪೀಡೆ, ಹಂಝ ಭಾಯ್, ಬೆಳ್ಳಂಬೆಳಿಗ್ಗೆ ಪೀಡೆಯನ್ನು ಹೆಸರು ಹಿಡಿದು ಕರೀತೀಯಲ್ಲ, ನಮ್ಮ ಗತಿ ಏನು, ನಾನು ಸತ್ತರೂ ಆ ಶಬ್ದ ಬಾಯಲ್ಲಿ ತರುದಿಲ್ಲ. ನಾಲ್ಕು ತಿಂಗಳು ತರಲಿಲ್ಲ ಮಹಾರಾಯ, ರಾಣಿ ರಾಣಿ ಅಂದ, ರಾಣಿ ಇವನ ಕಡೆ ತಿರುಗಿಯೂ ನೋಡಲಿಲ್ಲ.

ಒಂಬತ್ತೂವರೆ. ಡಾಕ್ಟರ್ ಫೋನ್ ತೆಗೆದರು, ಲಾರಿಯವನಿಗಾ, ಯಾ ಅಲ್ಲಾಹ್, ಸ್ವಲ್ಪ ಸ್ವರ ಕೊಡು, ಎರಡಕ್ಷರಕ್ಕೆ ಸಾಕಾಗುವಷ್ಟು, ನಾನು ಬಾಯಿ ತೆರೆದೆ, ಗಾಳಿ, ಅಷ್ಟರಲ್ಲಿ ಬೋರ್ಡು ಓದಿದ ಮಕ್ಕಳು ಒಟ್ಟಿಗೆ ಬಲಾ! ಬಲಾ! ಬಲಾ! ನಲವತ್ತು ಗಂಟಲು ಬಾ ಬಾ ಅಂತ ಕಿರುಚಿದ ಹಾಗೆ, ಹೆಸರೆಂದು ಕೂಗುವ ಮಕ್ಕಳಿಗೆ ತಾವು ಕರೆಯುವುದೆಂದು ಗೊತ್ತಿಲ್ಲ, ಒಳಗೆ ಧಡಾರ್ ಅಂತ ಗೋಡೆಗೆ ಗುದ್ದಿದ ಶಬ್ದ, ಹಿಂದೆ ಹೋದಳು, ಹೋಯ್ತು, ಎಲ್ಲ ಹೋಯ್ತು, ಟೀಚರ್ ಶ್ ಶ್ ಅನ್ನುತ್ತಾ ಓಡಾಡುತ್ತಾರೆ, ನಾನು ಪಕ್ಕದಲ್ಲಿದ್ದ ಗುಲಾಮ್ ಭಾಯಿಯ ತೋಳು ಹಿಡಿದೆ, ಕಣ್ಣಲ್ಲಿ ನೀರು ಬಂದದ್ದು ಧೂಳಿಗಲ್ಲ, ಅವನು ನನ್ನನ್ನು ನೋಡಿದ, ಬಾಗಿಲು ನೋಡಿದ, ಆಕಾಶ ನೋಡಿದ, ಬಾಯೊಳಗೆ ಏನೋ ದುವಾ ಹೇಳಿದ, ಮತ್ತೆ ಮುಖ ಆಚೆ ತಿರುಗಿಸಿ, ಬಾಗಿಲಿನ ಕಡೆ ನೋಡದೆಯೇ — ಬಲ... ಬಲ ಬಲ. ಅಬ್ಬ! ಮೊದಲನೆಯದು ಉದ್ದ, ಕೊನೆಯದು ಹೊಟ್ಟೆಯೊಳಗೆ, ವಿಟ್ಲದ ನನ್ನ ಉಮ್ಮನ ರಾಗ ಮುಲ್ತಾನಿನವನ ಬಾಯಲ್ಲಿ, ಕಳ್ಳ, ಸತ್ತರೂ ಬಾಯಲ್ಲಿ ತರುದಿಲ್ಲ ಅಂದವನು ನಾಲ್ಕು ತಿಂಗಳಲ್ಲಿ ಒಂದು ಎಳೆ ಬಿಡದೆ ಕಲಿತಿದ್ದಾನೆ. ಬುಸ್. ಅಗಲದ ತುಟಿ ಮೊದಲು, ಮತ್ತೆ ಮೊಂಡು ಕೊಂಬು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಒಂದು ಪಾದ ಮಣ್ಣಿಗೆ, ಮಣ್ಣು ಹೌದಾ ಅಂತ ನೋಡಿ ಇನ್ನೊಂದು, ನಲವತ್ತು ಬಾಯಿ ಈಗ ತಾವಾಗಿ ಮುಚ್ಚಿದವು, ಫೋನ್ ಡಾಕ್ಟರ ಕಿಸೆಗೆ ಹೋಯಿತು, ಅಜ್ಜ ಎದ್ದು ನಿಂತರು, ಲಾರಿ ಇಲ್ಲ, ಪೆಟ್ಟಿಗೆ ಇಲ್ಲ, ನನಗೆ ಖುಷಿಯೋ ಖುಷಿ, ಸುಳ್ಳು ಯಾಕೆ, ಒಂದು ಚೂರು ಹೊಟ್ಟೆಕಿಚ್ಚೂ ಉಂಟು, ಅವಳು ಬಂದದ್ದು ಅವನ ಕರೆಗಲ್ವಾ, ನನಗಲ್ಲವಲ್ಲ, ಆದರೂ ನನ್ನ ತುಟಿ ಸುಮ್ಮನೆ ಆಡ್ತದೆ, ಬಲ, ಸ್ವರ ಇಲ್ಲ, ಬರೀ ಉಸಿರು, ಅವಳು ನಿಂತಳು, ಒಂದು ಕಿವಿ ಗುಲಾಮ್ ಭಾಯಿಯ ಕಡೆ, ಇನ್ನೊಂದು, ನಿಧಾನಕ್ಕೆ, ಸುರುಳಿ ಸುತ್ತಿದ ವೀಳ್ಯದೆಲೆ, ತಿರುಗಿ, ಸ್ವರವೇ ಇಲ್ಲದ ನನ್ನ ಕಡೆ, ಆ ಕಿವಿ, ಆ ಒಂದು ಕಿವಿ —