ಕಾಯಿಗೆ ಕಣ್ಣಿದೆಯಂತೆ

ಧೊಪ್ಪೆಂದು ಏನೋ ಬಿತ್ತು, ತೆಂಗಿನ ಗರಿ ಇರಬೇಕು, ಹೌದು ಗರಿಯೇ, ಕಾಯಿಯ ಸದ್ದು ಹೀಗಿರುವುದಿಲ್ಲ, ಗರಿಯಾದರೆ ಸರಸರ ಎಂದು ಮೊದಲೇ ಹೇಳಿ ಬರುತ್ತದೆ, ಕಾಯಿಗೆ ಆ ಮರ್ಯಾದೆ ಇಲ್ಲ, ಗೊತ್ತಿದ್ದೂ ನೋಡು, ಹೆಂಚಿನ ಸೂರಿನ ಕೆಳಗೆ ಮಂಚದ ಮೇಲೆ ಮಲಗಿದವಳು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡಿದ್ದೇನೆ, ಈ ಕೈಗಳಿಗೆ ಬುದ್ಧಿಯೇ ಇಲ್ಲ, ಆವತ್ತು ಕಾಯಿ ಬಿದ್ದದ್ದು ತಲೆಯ ಮೇಲಲ್ಲ, ಪೊರಕೆಕಡ್ಡಿಗೆಂದು ಬಗ್ಗಿ ಗರಿ ಎಳೆಯುತ್ತಿದ್ದವಳ ನಡುಬೆನ್ನಿನ ಮೇಲೆ, ಮುಚ್ಚಿಕೊಳ್ಳುವುದು ಮಾತ್ರ ತಲೆಯನ್ನು — ಇಳಿಸು ಕೈ ವನಿತಾ, ಯಾರಾದರೂ ಕಂಡರೆ ನಕ್ಕಾರು, ಕಾಣುವವರು ಯಾರಿದ್ದಾರೆ, ಗೋಡೆಯ ಹಲ್ಲಿ ಬಿಟ್ಟರೆ, ಅದೂ ನನ್ನ ಹಾಗೆ ಬೆಳಗಿನಿಂದ ಒಂದೇ ಜಾಗದಲ್ಲಿದೆ, ಮೂಲೆಯಲ್ಲಿ ವಾಕರ್, ಅದರ ಮೇಲೆ ಅತ್ತೆಯ ಲಂಗ, ಒಣಗಲು ಹಾಕಿದ್ದು, ಒಣಗಿದೆ, ತೆಗೆದಿಲ್ಲ, ದಿನಾ ನಡೀಬೇಕಮ್ಮಾ, ಬಲಗಾಲಲ್ಲಿ ಶಕ್ತಿ ಪೂರ್ತಿ ಹೋಗಿಲ್ಲ, ನೀವು ಕೈಬಿಟ್ರೆ ಅದೂ ಕೈಬಿಡುತ್ತೆ ಅಂದಿದ್ದರು ತುಮಕೂರಿನ ಡಾಕ್ಟರು, ಆಪರೇಷನ್ ಆಗಿ ಬಂದ ಹೊಸದರಲ್ಲಿ ಮಂಚದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ, ಟಕ್ ಟಕ್ ಅಂತ ನಡೆದದ್ದೇ ನಡೆದದ್ದು, ಎಡಗಾಲು ಮುಂದೆ, ಬಲಗಾಲು ಎಳೆದುಕೊಂಡು ಹಿಂದೆ, ಹೊಸಿಲವರೆಗೆ ಬಂದೆ, ಹೊಸಿಲಾಚೆ ಮರ, ಅಲ್ಲಿಗೆ ನಿಂತೆ, ನಾಳೆ ಅಂದುಕೊಂಡೆ, ನಾಳೆಗೂ ಮರ ಅಲ್ಲೇ ಇತ್ತು, ಎಲ್ಲಿಗೆ ಹೋಗುತ್ತದೆ, ಈ ಸೀಮೆಯಲ್ಲಿ ತೆಂಗಿನ ಮರದ ಕೆಳಗೆ ಕಾಲಿಡುವುದಿಲ್ಲ ಎಂದವಳು ಮಂಚ ಇಳಿಯುವ ಹಾಗೇ ಇಲ್ಲ, ನೀರಿನ ತೊಟ್ಟಿಗೆ ಹೋದರೆ ಮರ, ಕೊಟ್ಟಿಗೆಗೆ ಹೋದರೆ ಮರ, ಮಾಯಸಂದ್ರದ ಬಸ್ಸು ನಿಲ್ಲುವ ಕಡೆಗೆ ಹೋಗಬೇಕೆಂದರೆ ತೋಟವನ್ನೇ ದಾಟಬೇಕು, ಒಂದು ದಿನ ತಲೆ ಬಾಚಲಿಲ್ಲ, ಮಾರನೆಯ ದಿನ ಬಾಚಿ ಯಾರಿಗೆ ತೋರಿಸಬೇಕು ಅನ್ನಿಸಿತು, ಆಮೇಲೆ ಅನ್ನಿಸುವುದೂ ನಿಂತಿತು, ಅತ್ತೆ ಲಂಗ ತಂದು ವಾಕರ್ ಮೇಲೆ ಹರವಿದಾಗ ಬೇಡ ಅನ್ನಬಹುದಿತ್ತು, ಅನ್ನಲಿಲ್ಲ.

ಮೊದಮೊದಲು ಜನ ಬಂದರು, ಬರಲಿಲ್ಲ ಅನ್ನಬಾರದು, ಬ್ರೆಡ್ಡು ತಂದರು, ಮೂಸಂಬಿ ತಂದರು, ಎಲ್ಲರೂ ಒಂದೇ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಬಂದಿದ್ದರು, ಏನ್ ಹಣೇಬರಾನೋ ಕಣಮ್ಮ, ತೆಂಗಿನ್‌ಕಾಯ್ಗೆ ಮೂರು ಕಣ್ಣು, ನೋಡ್ಕಂಡು ಬೀಳ್ತದೆ ಅಂತಾರೆ ದೊಡ್ಡೋರು, ಮನುಷರ್ ಮ್ಯಾಲೆ ಬೀಳಲ್ಲ, ಬಿತ್ತು ಅಂದ್ರೆ — ಅಲ್ಲಿಗೆ ನಿಲ್ಲಿಸಿ ತಾವೇ ತಂದ ಮೂಸಂಬಿಯ ಕಡೆ ನೋಡುತ್ತಿದ್ದರು, ಬಿತ್ತು ಅಂದರೆ ಏನು ಅಂತ ಬಾಯಿ ಬಿಟ್ಟು ಹೇಳಿದವಳು ಪಕ್ಕದ ತೋಟದ ರಾಮಕ್ಕ ಒಬ್ಬಳೇ, ಅದೂ ನನಗಲ್ಲ, ಜಗಲಿಯಲ್ಲಿ ನಿಂತು ಅತ್ತೆಗೆ, ಬಿದ್ದಿರಾದು ಮೀಸಲು ಮರದ್ದು ಕಣೇ ಕಾಳಕ್ಕ, ನಿನ್ ಸೊಸೆ ದೇವರ ಕಾಯಿ ಮುಟ್ಟಿರ್ಬೇಕು, ವಿಚಾರ್ಸು. ಮೀಸಲು ಮರ ಎಂದರೆ ಅಂಗಳದ ಅಂಚಿನಲ್ಲಿರುವ ಆ ಎತ್ತರದ ಮರ, ಅದರ ಕಾಯಿ ಮನೆದೇವರಿಗೆ, ಹಬ್ಬಕ್ಕೆ ಕೆಡವುವವರೆಗೆ ಯಾರೂ ಹತ್ತುವಂತಿಲ್ಲ, ಒಂದು ಕಾಯಿಯನ್ನೂ ಸಾರಿಗೆ ಹಾಕುವಂತಿಲ್ಲ, ನಾನು ಈ ಮನೆಗೆ ಬಂದಾಗಿನಿಂದ ಹಾಕಿಲ್ಲ, ಹಾಕಿಲ್ಲ ಎಂದು ಗೊತ್ತು, ಆದರೂ ಹುಡುಕಿದೆ, ಇದಕ್ಕೇ ನನ್ನ ಮೇಲೆ ನನಗೆ ಸಿಟ್ಟು, ಈ ಮಂಚದ ಮೇಲೆ ಮಲಗಿ ಮದುವೆಯಾಗಿ ಬಂದ ದಿನದಿಂದ ಒಂದೊಂದೇ ಕಾಯಿ ತೆಗೆದು ತೆಗೆದು ನೋಡಿದೆ, ಗೌರಿ ಹಬ್ಬದ ಹೋಳಿಗೆಗೆ ತುರಿದದ್ದು ಯಾವ ಮರದ್ದು, ಬಾಣಂತಿ ನಾದಿನಿಗೆ ಕೊಬ್ಬರಿ ಕೊಟ್ಟದ್ದು ಯಾವ ಮರದ್ದು, ಮುಟ್ಟಾದಾಗ ಅದರ ನೆರಳನ್ನೇನಾದರೂ ತುಳಿದೆನೇ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅವನಾದರೂ ಕದ್ದಿದ್ದ, ನಾನು ಕದಿಯದೆಯೇ ಹೆಗಲು ಸವೆಯುವಷ್ಟು ಮುಟ್ಟಿಕೊಂಡೆ, ಹಾಗೆ ಮುಟ್ಟಿಕೊಳ್ಳುತ್ತಾ ಮಲಗಿರುವಾಗಲೇ ಬರುವವರು ಕಡಿಮೆಯಾದರು, ಸಂಘದ ಹೆಂಗಸರು ಸೇರುತ್ತಿದ್ದದ್ದು ನಮ್ಮ ಜಗಲಿಯಲ್ಲಿ, ಈಗ ರಾಮಕ್ಕನ ಮನೆಯಲ್ಲಿ, ಅವರ ನಗು ತೋಟ ದಾಟಿ ಇಲ್ಲಿಗೆ ಕೇಳುತ್ತದೆ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಾನು, ಒಂದು ದನಿ ಕಡಿಮೆಯಾಗಿದೆ ಅಂತ ಯಾರಿಗೂ ಅನ್ನಿಸುವುದಿಲ್ಲವೇ, ಅನ್ನಿಸಿದ್ದರೆ ಬರುತ್ತಿದ್ದರು.

ಇವತ್ತು ಎಲ್ಲ ಸರಿಹೋಗುತ್ತದಂತೆ. ಹಬ್ಬ ಹತ್ತಿರ ಬಂತು, ಮೀಸಲು ಮರ ಹತ್ತಲು ಯಾರೂ ಒಪ್ಪುತ್ತಿಲ್ಲ, ತಪ್ಪು ಕಾಣಿಕೆ ಕಟ್ದೆ ನಾವ್ ಹತ್ತಾಕಿಲ್ಲ ಅಂದರಂತೆ, ಅದಕ್ಕೆ ನನ್ನ ಗಂಡನ ದೊಡ್ಡಪ್ಪ, ದೊಡ್ಡರಂಗಯ್ಯನವರು, ದೇವರ ಕಾರ್ಯ ನೋಡಿಕೊಳ್ಳುವ ಹಿರಿಯರು, ದಬ್ಬೇಘಟ್ಟದಿಂದ ಬಂದಿದ್ದಾರೆ, ಬಂದವರೇ ಕಿಟಕಿಯ ಹತ್ತಿರ ನಿಂತು ನನಗೆ ಕೇಳಲಿ ಅಂತಲೇ ಹೇಳಿದರು, ಧರ್ಮ್ವಾಗ್ ನಡ್ಕಂಡೋರ್ ಮ್ಯಾಲೆ ಕಾಯಿ ಬೀಳಾಕಿಲ್ಲ ಕಣವ್ವಾ, ನಮ್ ವಂಶದಲ್ಲಿ ಯಾರ್ ಮ್ಯಾಲೂ ಬಿದ್ದಿಲ್ಲ. ಅತ್ತೆ ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿ ತಟ್ಟೆಯಲ್ಲಿಟ್ಟಿದ್ದಾಳೆ, ನಾನು ಅಂಗಳಕ್ಕೆ ಬಂದು ಅದನ್ನು ಅವರ ಕೈಗೆ ಕೊಟ್ಟು, ಮೀಸಲು ಕಾಯಿ ಮುಟ್ಟಿದ್ದೆ, ತಪ್ಪಾಯಿತು ಅನ್ನಬೇಕು, ಅಷ್ಟೇ, ಬೆಳಿಗ್ಗೆ ನನ್ನ ಕಾಲಿಗೆ ಎಣ್ಣೆ ನೀವುತ್ತಾ, ಒಳ್ಳೆಯ ಕೈ ಅತ್ತೆಯದು, ಅದನ್ನು ಇಲ್ಲ ಅನ್ನಲಾರೆ, ಒಂದ್ ಮಾತು ಕಣವ್ವಾ, ಅಂದ್ಬುಡು, ನಾಳಿಂದ ನೋಡು ಮನೆ ತುಂಬಾ ಜನ, ರಾಮಕ್ಕನೇ ಮೊದ್ಲು ಬತ್ತಾಳೆ ಅಂದಳು. ನಾನ್ ಮುಟ್ಟಿಲ್ವಲ್ಲ ಅತ್ತೆ. ಮುಟ್ಟಿದ್ಯೋ ಬುಟ್ಯೋ ಯಾರ್ ಕೇಳ್ತಾರೆ, ಅಂದ್ರೆ ಮುಗೀತು. ರಂಗನಾಥ, ನನ್ನ ಗಂಡ, ಬಾಗಿಲಿಗೆ ಒರಗಿ ನಿಂತು ತನ್ನ ಉಗುರು ನೋಡಿಕೊಳ್ಳುತ್ತಾ, ಹೂಂ ಅಂದ್ಬುಡೇ, ಎಷ್ಟ್ ದಿನ ಹಿಂಗೆ ಅಂದ, ಎಷ್ಟು ದಿನ ಎಂದದ್ದು ನನಗಾಗಿಯೋ ತನಗಾಗಿಯೋ ನಾನು ಕೇಳಲಿಲ್ಲ. ಆಸೆಯಾಯಿತು, ಸುಳ್ಳೇಕೆ, ತುಂಬ ಆಸೆಯಾಯಿತು, ಜಗಲಿಯ ಕೆಳಗೆ ರಾಶಿ ಚಪ್ಪಲಿ, ಒಳಗೆ ಹೆಂಗಸರ ಗಲಾಟೆ, ಟೀ ಸಾಲದು ಇನ್ನೊಂದಿಷ್ಟು ನೀರು ಹಾಕೇ ಅಂತ ಯಾರೋ, ನನ್ನ ಸಿಕ್ಕುಗಟ್ಟಿದ ಕೂದಲು ಬಿಡಿಸುತ್ತಾ ಬೈಯುತ್ತಿರುವವರು ಯಾರೋ, ಒಂದು ಮಾತಿಗೆ ಇಷ್ಟೆಲ್ಲ ಸಿಗುವುದಾದರೆ — ಆಮೇಲೆ, ಆಮೇಲೆ ಸಾಯುವವರೆಗೆ ನಾನು ದೇವರ ಕಾಯಿ ತಿಂದು ಕಾಲು ಕಳೆದುಕೊಂಡವಳು, ಬಂದವರೆಲ್ಲ ನನ್ನನ್ನು ಕ್ಷಮಿಸಿ ಬಂದವರು, ಕ್ಷಮಿಸಿದವರ ನಡುವೆ ಕೂತು ಜೋರಾಗಿ ನಗಲಾದೀತೇ, ಮೆಲ್ಲಗೆ ನಗಬೇಕು, ಬಾಯಿಗೆ ಸೆರಗು ಇಟ್ಟುಕೊಂಡು. ಅಫ್ಸರಕ್ಕನಿಗೆ ಫೋನ್ ಮಾಡಿದೆ, ಅಫ್ಸರ್ ಬಾನು, ಮಾಯಸಂದ್ರದಲ್ಲಿ ಟೈಲರ್, ನನ್ನ ರವಿಕೆಗಳನ್ನೆಲ್ಲ ಹೊಲಿದವಳು, ಈಗಲೂ ಆಗೊಮ್ಮೆ ಈಗೊಮ್ಮೆ ಬಸ್ಸು ಹತ್ತಿ ಬಂದು ಮಂಚದ ತುದಿಯಲ್ಲಿ ಕೂತು ಹೋಗುವವಳು ಅವಳೊಬ್ಬಳೇ, ಮಿಷನ್ ನಿಲ್ಲಿಸದೆಯೇ ಅಂದಳು, ಹೋದ್ ಮಳೆಗಾಲ ನಮ್ಮಂಗ್ಡಿ ಶೀಟು ಹಾರ್ಕೊಂಡೋಗಿ ಎದುರ್ಗಡೆ ಹೋಟ್ಲೋನ್ ಕೈ ಕುಯ್ತು, ಶೀಟ್ಗೂ ಕಣ್ಣಿತ್ತೇನೇ, ಕಾಗೆ ಕೂರೋದ್ಕೂ ಕೊಂಬೆ ಮುರಿಯೋದ್ಕೂ ಸರಿಹೋಯ್ತು ಅಷ್ಟೇ, ನೀನ್ ಹೂಂ ಅಂದ್ಯೋ, ಇನ್ಮೇಲೆ ನಿನ್ ರವಿಕೆ ನಾನ್ ಹೊಲಿಯಲ್ಲ ನೋಡು, ನಕ್ಕುಬಿಟ್ಟೆ, ನಗು ಇನ್ನೂ ಒಳಗೆ ಉಳಿದಿತ್ತು ಅಂತ ನನಗೇ ಗೊತ್ತಿರಲಿಲ್ಲ.

ಕಣ್ಣಂತೆ ಕಣ್ಣು, ಎಷ್ಟು ಕಾಯಿ ಸುಲಿದಿದ್ದೇನೆ ಈ ಕೈಯಲ್ಲಿ, ಕಣ್ಣು ಎಲ್ಲಿರುತ್ತದೆ, ತೊಟ್ಟಿನ ಬುಡದಲ್ಲಿ, ಸಿಪ್ಪೆಯೊಳಗೆ, ಜುಟ್ಟಿನ ಅಡಿಯಲ್ಲಿ, ಗೊನೆಯಲ್ಲಿ ತೂಗುವ ಕಾಯಿಗೆ ಕಣ್ಣು ಮೇಲ್ಮುಖ, ನೋಡುವುದೇ ಆದರೆ ಅದು ಮರದ ಸುಳಿಯನ್ನು ನೋಡಬೇಕು, ಕೆಳಗೆ ಬಗ್ಗಿದ್ದವಳ ಬೆನ್ನು ಅದಕ್ಕೆ ಎಲ್ಲಿಂದ ಕಂಡೀತು, ಸೀಮೆಗೆ ಸೀಮೆಯೇ ಕಾಯಿ ಸುಲಿದು ಬದುಕುತ್ತದೆ, ಒಬ್ಬರಿಗೂ ಹೊಳೆಯಲಿಲ್ಲ, ನನಗೂ ಇಷ್ಟು ದಿನ ಹೊಳೆಯಲಿಲ್ಲ, ಮತ್ತೆ ಬಿದ್ದದ್ದೇಕೆ, ಬಲಿತಿತ್ತು, ಬಿತ್ತು, ಬೇರೆ ಮರಗಳಿಂದ ಕಾಲಕಾಲಕ್ಕೆ ಕೀಳಿಸುತ್ತಾರೆ, ಇದನ್ನು ಮಾತ್ರ ಹಬ್ಬ ಬರಲಿ ಅಂತ ಮುಟ್ಟದೆ ಬಿಡುತ್ತಾರೆ, ಒಣಗಿ ತೊಟ್ಟು ಸಡಿಲವಾದ ಕಾಯಿ ಪಂಚಾಂಗ ನೋಡಿಕೊಂಡು ಕಾಯುತ್ತದೆಯೇ, ಹಾಗಾದರೆ ತಪ್ಪು ಕಾಣಿಕೆ ಕಟ್ಟಬೇಕಾದವರು ಯಾರು, ದೇವರೇನೂ ಹತ್ತಬೇಡಿ ಅಂದಿರಲಾರ, ಅಂದವರು ಇವರು — ವನಿತಾ, ಹಿರೀಕ್ರು ಕಾಯ್ತಾವ್ರೆ ಬಾ, ಅತ್ತೆ ಕೂಗುತ್ತಿದ್ದಾಳೆ, ಎದ್ದು ಕೂತು ಕಿಟಕಿಯ ಸರಳಿಗೆ ಮುಖ ಒತ್ತಿದೆ, ಅಂಗಳ ಕಾಣುತ್ತದೆ, ರಂಗನಾಥ ಪ್ಲಾಸ್ಟಿಕ್ ಕುರ್ಚಿ ತಂದು ಮೀಸಲು ಮರದ ನೆರಳಿಗೆ ಹಾಕಿದ, ದೊಡ್ಡರಂಗಯ್ಯನವರು ಪಂಚೆ ಎತ್ತಿ ಕೂರಲು ಹೋದವರು ಕೂರಲಿಲ್ಲ, ಕತ್ತೆತ್ತಿ ಗೊನೆ ನೋಡಿದರು, ಕುರ್ಚಿಯನ್ನು ತಾವೇ ಎಳೆದು ಬಿಸಿಲಿಗೆ ಹಾಕಿಕೊಂಡರು, ಟವೆಲನ್ನು ತಲೆಗೆ ಸುತ್ತಿ ಕೂತರು, ನೆರಳು ಪಕ್ಕದಲ್ಲೇ ಖಾಲಿ ಬಿದ್ದಿದೆ, ಅತ್ತೆ ತಟ್ಟೆ ಹಿಡಿದು ಅಂಗಳಕ್ಕೆ ಇಳಿದಳು, ನೇರ ಬರಲಿಲ್ಲ, ಗೋಡೆ ಬದಿಯಿಂದ ಸುತ್ತಿ ಬಂದಳು, ಯಾವಾಗಲೂ ಹೀಗೇ ನಡೆಯುತ್ತಿದ್ದರೇ ಇವರೆಲ್ಲ, ನಾನು ನೋಡಿಯೇ ಇಲ್ಲವಲ್ಲ, ಧರ್ಮವಾಗಿ ನಡೆದುಕೊಂಡವರು, ವಂಶದಲ್ಲಿ ಯಾರ ಮೇಲೂ ಬಿದ್ದಿಲ್ಲ, ಹೇಗೆ ಬಿದ್ದೀತು, ಮೈಯೆಲ್ಲ ಉರಿದುಹೋಯಿತು, ಉರಿ ಬಂದರೂ ಸಂತೋಷವೇ ಆಯಿತು, ಎಷ್ಟು ಕಾಲವಾಗಿತ್ತು ನನ್ನ ಮೈಯಲ್ಲಿ ಏನಾದರೂ ಬಂದು.

ಲಂಗ ತೆಗೆದು ಮಂಚದ ಮೇಲೆ ಎಸೆದೆ, ವಾಕರ್ ಹಿಡಿದು ಎದ್ದೆ, ಎಡಗಾಲು ಇಡು, ಬಲಗಾಲು ಎಳೆ, ಎಡಗಾಲು ಇಡು, ನಡುಮನೆ, ಹೊಸಿಲು, ಇಲ್ಲೇ ನಿಲ್ಲುತ್ತಿದ್ದೆ ಪ್ರತಿಸಲ, ಅಂಗೈ ಬೆವತು ಹಿಡಿ ಜಾರುತ್ತಿದೆ, ಹೆದರಿಕೆ ಇಲ್ಲವೇ ಅಂದರೆ ಇದೆ, ಇದ್ದುಕೊಳ್ಳಲಿ, ವಾಕರ್ ಆಚೆ ಇಟ್ಟೆ, ದಾಟಿದೆ, ಬಿಸಿಲು ಕಣ್ಣಿಗೆ ಹೊಡೆಯಿತು, ರಂಗನಾಥ ಓಡಿ ಬಂದ, ಹಿಡ್ಕೋತೀನಿ ತಡಿಯೇ, ಬ್ಯಾಡ, ಬುಡ್ರೀ, ಅವನು ಬಿಟ್ಟು ಪಕ್ಕದಲ್ಲೇ ಬಂದ, ಬಾ ಮಗಾ, ಗ್ವಾಡೆ ಕಡೆಯಿಂದ ಬಾ ಅನ್ನುತ್ತಿದ್ದಾಳೆ ಅತ್ತೆ, ಗೋಡೆಯ ಕಡೆ ನೋಡಲಿಲ್ಲ, ನೇರ ನಡೆದೆ, ನೆರಳಿನ ಅಂಚು ಬಂತು, ರಂಗನಾಥ ಅಲ್ಲಿಗೆ ನಿಂತ, ನಾನು ನಿಲ್ಲಲಿಲ್ಲ, ತಣ್ಣಗಿದೆ ಒಳಗೆ, ಬಟ್ಟೆ ಒಗೆಯುವ ಕಲ್ಲು ಮರದ ಬುಡದಲ್ಲೇ ಇದೆ, ಅದರ ಮೇಲೆ ಕೂತೆ, ಬೆನ್ನು ಗೊನೆಯ ನೇರಕ್ಕೆ, ತಲೆಯ ಮೇಲೆ ಕೈ ಹೋಗಲು ನೋಡಿತು, ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿ ಕೂತುಬಿಟ್ಟೆ, ಅಯ್ಯೋ ಎದ್ದೇಳೇ, ಹಣ್ಣಾಗಿರೋ ಕಾಯವೆ ಕಣೇ ಮ್ಯಾಲೆ, ಅತ್ತೆಯ ಬಾಯಿಂದಲೇ ಬಂತು ಮಾತು, ದೇವರ ಹೆಸರು ಬರಲಿಲ್ಲ. ದೊಡ್ಮಾವ, ನಾನ್ ಮೀಸಲು ಕಾಯಿ ಮುಟ್ಟಿಲ್ಲ, ತಪ್ಪಾಯ್ತು ಅನ್ನಾಕಿಲ್ಲ, ನನ್ನ ದನಿ, ಹಳೆಯ ದನಿ, ಜೋರಾಗಿದೆ, ರಾಮಕ್ಕನ ತೋಟಕ್ಕೂ ಕೇಳಿಸೀತು, ಬಿಸ್ಲಲ್ ಯಾಕ್ ಕುಂತಿದೀರಿ ದೊಡ್ಮಾವ, ನೀವ್ ಧರ್ಮ್ವಾಗ್ ನಡ್ಕಂಡೋರು, ಇಲ್ ನೆಳ್ಳೈತೆ, ಕುರ್ಚಿ ತಂದು ನನ್ ಪಕ್ಕ ಹಾಕ್ಕಳಿ, ಮಾತಾಡಾನ. ಅವರು ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು, ಟವೆಲು ಹೆಗಲಿಗೆ ಜಾರಿತು, ಏಳುತ್ತಾ ಕತ್ತು ಗೊನೆಯ ಕಡೆ ಮೇಲಕ್ಕೆ ಹೋಯಿತು, ನರೆತ ಗಡ್ಡ ಆಕಾಶಕ್ಕೆ, ಅತ್ತೆಯ ಕತ್ತೂ ಮೇಲಕ್ಕೆ, ರಂಗನಾಥನ ಕತ್ತೂ, ಯಾರೂ ನನ್ನನ್ನು ನೋಡುತ್ತಿಲ್ಲ, ಯಾರ ಕಾಲೂ ಈ ಕಡೆ ಬರುತ್ತಿಲ್ಲ, ಅರ್ಧ ಎದ್ದವರು ಅರ್ಧದಲ್ಲೇ, ಕತ್ತು ಮೇಲೆ, ಬಿಸಿಲಲ್ಲಿ, ಮೇಲೆತ್ತಿದ ಆ ಕತ್ತು ಇನ್ನೂ ಇಳಿದಿಲ್ಲ.