ಗೋಡೆಯೊಳಗಿನ ಎರಡು ಸಾಲು

ನಮ್ಮ ಗುಡ್ಡದ ತುಂಬ ಬಾಳೆತೋಟವಿದ್ದಾಗ ಎಲ್ಲಿಂದ ಎಲ್ಲಿಗೆ ಬೇಕಾದರೂ ಕಾಲುದಾರಿಯಿತ್ತು. ಕಂಪಾಲಾ ನಗರ ಬೆಳೆಯುತ್ತ ಬೆಳೆಯುತ್ತ ಇಲ್ಲಿಗೂ ಬಂತು. ತೋಟಗಳು ಸೈಟುಗಳಾದವು, ಒಬ್ಬೊಬ್ಬರೂ ಬೇಲಿ ಹಾಕಿಕೊಂಡರು. ಮನೆಗಳು ಹೆಚ್ಚಿದವು, ದಾರಿಗಳು ಸತ್ತವು. ಇದನ್ನು ಅಭಿವೃದ್ಧಿ ಅನ್ನುವವರ ಬಾಯಿಗೆ ಮಣ್ಣು ಬೀಳಲಿ.

ಉಳಿದಿದ್ದು ಒಂದೇ ಓಣಿ. ಅದರಾಚೆ ಟ್ಯಾಕ್ಸಿ ಸ್ಟ್ಯಾಂಡು. ಬಾಳೆಎಲೆಯಲ್ಲಿ ಕಟ್ಟಿ ಬೇಯಿಸಿದ ಬಾಳೆಕಾಯಿಯ ಮಟೋಕೆಯನ್ನು ತಲೆಯ ಮೇಲಿಟ್ಟು ಎಂಬತ್ತು ಹೆಜ್ಜೆ ಹಾಕಿದರೆ ಚಾಲಕರೆಲ್ಲ ನನ್ನ ಗಿರಾಕಿಗಳು. ಪಕ್ಕದ ಸೈಟಿಗೆ ಹೊಸದಾಗಿ ಬಂದ ಲುಟಾಯ ಆ ಓಣಿಯನ್ನೂ ಒಳಗೆ ಹಾಕಿಕೊಂಡು ಗೋಡೆ ಕಟ್ಟಿಸಿ ನನ್ನ ಹೊಟ್ಟೆಯ ಮೇಲೆ ಹೊಡೆದ. ಸುತ್ತಿ ಹೋಗಲು ಮುಕ್ಕಾಲು ಗಂಟೆ. ಆರಿದ ಮಟೋಕೆ ಯಾರಿಗೆ ಬೇಕು? ಎರಡು ತಿಂಗಳಲ್ಲಿ ಅರ್ಧ ಗಿರಾಕಿಗಳು ಬಿಟ್ಟುಹೋದರು. ಹೀಗೇ ಆದರೆ ನಾನು ಒಲೆ ಆರಿಸಬೇಕಿತ್ತು.

"ನನ್ನ ಕಾಗದದಲ್ಲಿ ಓಣಿ ಇಲ್ಲ ಅಮ್ಮಾ. ಬ್ರೋಕರ್ ಮಾರಿದ, ನಾನು ಕೊಂಡೆ," ಅಂದ ಲುಟಾಯ.

ಊರ ಅಧ್ಯಕ್ಷ ಮುದುಕ ಕಯೋಂಡೊ ಕೈಚೆಲ್ಲಿದ. "ದಾರಿ ಇತ್ತು ಅನ್ನೋದಕ್ಕೆ ಏನಾದ್ರೂ ಗುರುತು ತಾರಮ್ಮ ನಕಂಡಿ."

ಮಳೆ ಶುರುವಾಗಿ ವಾರವಾಗಿತ್ತು. ನನಗೆ ಥಟ್ಟನೆ ಹೊಳೆಯಿತು. ಅಡುಗೆಯ ದೊಡ್ಡ ಪಾತ್ರೆ ಬೋರಲು ಹಾಕಿ, ಹತ್ತಿ ನಿಂತು ಗೋಡೆಯಾಚೆ ಇಣುಕಿದೆ. ಇತ್ತು! ಹಿರಿಯರು ಗಡಿಗೆಂದು ನೆಡುತ್ತಿದ್ದ ಲುವಾನ್ಯಿ ಗಿಡ, ಬುಡದವರೆಗೆ ಕಡಿದಿದ್ದರೂ ಚಿಗುರಿ ನಿಂತಿತ್ತು. ಒಂದು ಸಾಲಲ್ಲ, ನೇರವಾಗಿ ಎರಡು ಸಾಲು. ಖುಷಿಗೆ ಪಾತ್ರೆಯಿಂದ ಬೀಳುವುದೊಂದು ಬಾಕಿ.

ಕಯೋಂಡೊ ಬಂದು ಚಿಗುರನ್ನು ಮುಟ್ಟಿ ನೋಡಿ ಲುಟಾಯನತ್ತ ತಿರುಗಿದ. "ಮಗಾ, ಒಂದು ಸಾಲಿದ್ರೆ ಗಡಿ. ಎರಡು ಸಾಲಿದ್ರೆ ನಡುವೆ ದಾರಿ. ನಿನ್ನ ಕಾಗದ ಬರೆದೋನು ಬ್ರೋಕರು, ಇದನ್ನ ಬರೆದೋರು ನಮ್ಮಜ್ಜಂದಿರು."

"ಕಳೆ ಅಂದ್ಕೊಂಡೆ ಯಜಮಾನ್ರೇ. ಮೂರು ಸಲ ಕಡಿಸಿದೀನಿ," ಅಂದ ಲುಟಾಯ, ಪೆಚ್ಚಾಗಿ.

"ಲುವಾನ್ಯಿ ಕಡಿದಷ್ಟೂ ದಟ್ಟವಾಗಿ ಚಿಗುರುತ್ತೆ ಕಣೋ. ಸಾಕ್ಷಿ ಬೆಳೆಸಿದೋನು ನೀನೇ! ಶನಿವಾರ ಗೋಡೆ ಬೀಳಲಿ," ಅಂದ ಕಯೋಂಡೊ.

ಶನಿವಾರ ಬೆಳಿಗ್ಗೆ ಊರಕೆಲಸದ ಡೋಲು ಮೊಳಗಿತು: ಯಾರೂ ಮಲಗಿರಬೇಡಿ ಅನ್ನುವ ಡೋಲು. ಚಾಲಕರು ಸುತ್ತಿಗೆ ಹಿಡಿದು ಬಂದರು, ಹೆಂಗಸರು ಗುದ್ದಲಿ ತಂದರು. ಲುಟಾಯ ಬಾಗಿಲಲ್ಲೇ ನಿಂತಿದ್ದ.

"ಬಾರಪ್ಪ," ಎಂದು ಕೂಗಿದೆ. "ಡೋಲಿಗೆ ಬರದೋನ ಹೆಣಕ್ಕೆ ಹೆಗಲು ಕೊಡೋಕೆ ಯಾರೂ ಬರಲ್ಲ!"

ಎಲ್ಲರೂ ನಕ್ಕರು. ಅವನೂ ನಕ್ಕು ಗುದ್ದಲಿ ಎತ್ತಿಕೊಂಡ. ಗೋಡೆ ಉರುಳಿದಾಗ ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ.

ಮಧ್ಯಾಹ್ನ ಒಲೆಯಿಂದ ಇಳಿಸಿದ್ದೇ ತಲೆಗೇರಿಸಿ ಹೊರಟೆ. ಎಂಬತ್ತೇ ಹೆಜ್ಜೆ. ಎಲೆ ಬಿಚ್ಚಿದ ಚಾಲಕ ಮೊದಲ ತುತ್ತಿಗೇ ಹೌಹಾರಿದ.

"ಅಕ್ಕಾ, ಬಾಯಿ ಸುಡ್ತು!"

"ಸುಡಲಿ ಬಿಡು," ಅಂದೆ. "ಎರಡು ತಿಂಗಳಿಂದ ಈ ಮಾತಿಗೇ ಕಾಯ್ತಿದ್ದೆ."