ಬಿಡಬಾರದ ಚೆಂಡು

ಮೊಣಕೈ ಇಳಿದಿದೆ, ಚೆಂಡೆಸೆಯುವ ನಮ್ಮ ಪಿಚರ್ ರಾದಾಮೆಸ್‌ನ ಮೊಣಕೈ ಹೆಗಲಿಗಿಂತ ಕೆಳಗೆ ಬಂದಿದೆ, ನೆಲದ ಮೇಲೆ ಬಿದ್ದ ನೆರಳಿನಲ್ಲೂ ಕಾಣುತ್ತಿದೆ, ಮೊದಲಿನ ಇನ್ನಿಂಗ್ಸುಗಳಲ್ಲಿ ಆ ನೆರಳು ಕೊಡಲಿ ಎತ್ತಿದ ಹಾಗೆ ಏಳುತ್ತಿತ್ತು, ಈಗ ಒದ್ದೆ ಬಟ್ಟೆ ಬೀಸಿದ ಹಾಗೆ ಬೀಳುತ್ತಿದೆ, ಆದರೆ ಲಿರಿಯಾನೊಗೆ ಕಾಣಬೇಕಲ್ಲ, ಏಡಿಗಳು ಅನ್ನೋ ನಮ್ಮ ಬೇಸ್‌ಬಾಲ್ ತಂಡದ ಮ್ಯಾನೇಜರ್ ಲಿರಿಯಾನೊ, ಆಟಗಾರರ ಗೂಡಿನಲ್ಲಿ ಕೂತು ಸೂರ್ಯಕಾಂತಿ ಬೀಜ ಉಗುಳುತ್ತಿದ್ದಾನೆ, ಹೊಟ್ಟೆ ಎತ್ತಿಕೊಂಡು ಪಿಚರ್‌ನ ದಿಬ್ಬದ ತನಕ ನಡೆಯಬೇಕಾಗುತ್ತದಲ್ಲ ಅನ್ನೋ ಸಂಕಟ ಅವನಿಗೆ — ಬದಲಾಯಿಸೋ, ಎಬ್ಬಿಸೋ ಇನ್ನೊಬ್ಬನನ್ನು, ಒಂಬತ್ತನೇ ಇನ್ನಿಂಗ್ಸು, ಕೊನೇದು ಕಣೋ ಇದು, ಮೂರು–ಎರಡು, ಒಂದೇ ಒಂದು ರನ್ ಮುಂದಿದ್ದೇವೆ, ಈ ತಂಬಾಕಿನೂರಿನವರ ಇನ್ನು ಮೂವರು ಔಟಾದರೆ ಆಟ ಮುಗಿಯಿತು. ಕೂಗಬೇಡ ನೆಲ್ಫಿ, ರೇಡಿಯೋ ಕೇಳಿಸ್ತಿಲ್ಲ, ಅನ್ನುತ್ತಾನೆ ಫೆರ್ಮಿನ್ ಮಾವ, ಅಮ್ಮನ ತಮ್ಮ, ಮೈದಾನದಲ್ಲೇ ಕೂತು ಇದೇ ಆಟವನ್ನು ಕಿವಿಗೆ ಟ್ರಾನ್ಸಿಸ್ಟರ್ ಒತ್ತಿಕೊಂಡು ಕೇಳುತ್ತಾನೆ. ಮಾವ, ಕಣ್ಣೆದುರಿಗೇ ಇದೆಯಲ್ಲ. ಇರ್ಲಿ ಬಿಡೋ, ಕಣ್ಣು ಸುಳ್ಳು ಹೇಳ್ಬೋದು, ರೇಡಿಯೋದವನಿಗೆ ಸಂಬಳ ಕೊಡ್ತಾರೆ. ಮೊಣಕೈ ವಿಷಯ ನನಗೆ ಯಾವ ರೇಡಿಯೋದವನೂ ಹೇಳಬೇಕಾಗಿಲ್ಲ, ನನ್ನದೂ ಹೀಗೇ ಇಳಿದಿತ್ತು, ಹದಿಮೂರಕ್ಕೆ ಶಾಲೆಯ ಗೇಟಿನಲ್ಲಿ ನಿಂತು ಹುಡುಗರ ತೋಳು ಮುಟ್ಟಿಮುಟ್ಟಿ ನೋಡುತ್ತಿದ್ದ ಆ ಕೋಚು, ಪುಸ್ತಕ ಬಿಡೋ, ದೇವರು ನಿನಗೆ ತೋಳು ಕೊಟ್ಟಿದ್ದಾನೆ ಅಂದ, ಬಿಟ್ಟೆ, ಹದಿನೇಳಕ್ಕೆ ತೋಳೇ ನನ್ನನ್ನು ಬಿಟ್ಟಿತು, ಆಮೇಲೆ ಆ ಕೋಚು ನನ್ನ ಮುಖ ನೋಡಿದರೆ ರಸ್ತೆ ದಾಟುತ್ತಿದ್ದ, ಈಗ ಬಾಡಿಗೆಗೆ ಬೈಕು ಓಡಿಸುತ್ತೇನೆ, ಹಿಂದೆ ಇಬ್ಬರು ಹೆಂಗಸರು, ನಡುವೆ ಒಂದು ಕೋಳಿ, ಕೈ ಹ್ಯಾಂಡಲ್ ಹಿಡಿಯುವಷ್ಟು ಬಗ್ಗುತ್ತದೆ, ಅಷ್ಟು ಸಾಕು, ಹೆಚ್ಚು ಯಾರಿಗೆ ಬೇಕಾಗಿದೆ. ಹೇಳುವುದು ಇಷ್ಟೇ, ಪಿಚರ್ ದಣಿದ ಮೇಲೂ ನಿಲ್ಲಿಸಿಕೊಂಡಿರುವುದು ಮ್ಯಾನೇಜರ್‌ತನವಲ್ಲ, ಅದು ಕಳ್ಳತನ, ತೋಳಿನ ಕಳ್ಳತನ.

ಓ ಹೊಡೆದ, ಹೇಳಿದ್ದೆನಲ್ಲ, ತಂಬಾಕಿನವರ ಮೊದಲನೆಯವನೇ ಹೊಡೆದ, ಎರಡನೇ ಬೇಸಿನಲ್ಲಿ ನಿಂತು ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತಿದ್ದಾನೆ, ಉಗುಳು ಲಿರಿಯಾನೊ, ಬೀಜ ಉಗುಳು — ಬಲಗಡೆ ದೂರದಲ್ಲಿ ಯೋರ್ಡಿ ನಿಂತಿದ್ದಾನೆ, ನನ್ನ ತಮ್ಮ, ಟೋಪಿ ತೆಗೆದು ಬೆವರು ಒರೆಸಿ ಮತ್ತೆ ಹಾಕಿಕೊಂಡ, ಹೆದರಿದಾಗ ಹಾಗೆ ಮಾಡುತ್ತಾನೆ, ಚಿಕ್ಕಂದಿನಿಂದ. ಇವತ್ತು ಮೂರು ಸಲ ಬ್ಯಾಟ್ ಹಿಡಿದ, ಮೂರು ಸಲವೂ ಗಾಳಿಗೆ ಬೀಸಿ ಬಂದ, ಪರವಾಗಿಲ್ಲ, ಬೀಸಿದನಲ್ಲ, ನಿಂತುಕೊಂಡು ನೋಡಲಿಲ್ಲವಲ್ಲ. ಬೆಳಿಗ್ಗೆ ಅಮ್ಮ ಬೇಯಿಸಿದ ಬಾಳೆಕಾಯಿ ಮಸೆಯುತ್ತಿದ್ದಾಗ ತಟ್ಟೆ ಮುಂದೆ ಕೂತು ಹೇಳಿದ, ಅಣ್ಣಾ, ಪನಾಮಾದೋನು ಯಾವನೋ ನಾಳೆ ವಿಮಾನ ಇಳೀತಾನಂತೆ, ಇವತ್ತು ಒಂದ್ಸಲನಾದ್ರೂ ಬೇಸ್ ಮುಟ್ಟಲಿಲ್ಲ ಅಂದ್ರೆ ತಂಡದಲ್ಲಿ ನನ್ನ ಜಾಗ, ನನ್ನ ಅಂಗಿ ಅವನಿಗಂತೆ, ಲಿರಿಯಾನೊ ಹೇಳ್ದ. ಹಾಗಾದ್ರೆ ನಾಳೆಯಿಂದ ನನ್ನ ಬೈಕ್ ಹಿಂದೆ ಕೂತ್ಕೊಂಡು ಕೋಳಿ ಹಿಡ್ಕೊ ಅಂದೆ, ಯಾರೂ ನಗಲಿಲ್ಲ, ಅಮ್ಮ ಸೌಟು ಕೆಳಗಿಟ್ಟಳು. ಆಮೇಲೆ ಕೇಳಿದ, ಅಣ್ಣಾ, ಬಿಡೋದು ಹೆಂಗೆ? ಏನು ಬಿಡೋದು? ಕೆಟ್ಟ ಚೆಂಡು ಬಿಡೋದು. ಉರಿದುಹೋಯಿತು ನನಗೆ. ಇದು ಅವನ ಮಾತಲ್ಲ, ಇದು ಅಮೆರಿಕದ ತಂಡದವರು ಇಲ್ಲಿ ನಡೆಸುವ, ಬೇಲಿಯೊಳಗಿನ ಅಕಾಡೆಮಿಯ ಮಾತು, ಮೂರು ವರ್ಷ ಇಟ್ಟುಕೊಂಡು ಹಾಲು ಕುಡಿಸಿ, ಇಂಗ್ಲಿಷ್ ಕಲಿಸಿ, ಕೊನೆಗೆ ಒಬ್ಬ ಕೆಂಪು ಕತ್ತಿನ ಅಮೆರಿಕದವನು ಕಂಪ್ಯೂಟರ್ ತಿರುಗಿಸಿ ತೋರಿಸಿ, ಹುಡುಗ ಒಳ್ಳೆಯವನು, ತಾಳ್ಮೆ ಇಲ್ಲ, ಎಲ್ಲಾ ಚೆಂಡಿಗೂ ಬೀಸ್ತಾನೆ, ಅಂತ ಹೇಳಿ ಬಸ್ಸು ಹತ್ತಿಸಿದ. ತಾಳ್ಮೆ! ನಾಲ್ಕು ಕೆಟ್ಟ ಚೆಂಡು, ಅಳತೆ ಮೀರಿ ಹೊರಗೆ ಹೋಗುವ ಚೆಂಡು, ಮುಟ್ಟದೆ ಬಿಟ್ಟರೆ ಮೊದಲನೇ ಬೇಸಿಗೆ ಸುಮ್ಮನೆ ನಡೆದುಕೊಂಡು ಹೋಗಬಹುದು, ನಿಯಮದಲ್ಲಿ ಇದೆ, ಗೊತ್ತು ನನಗೆ, ಆದರೆ ನಡೆಯುವುದು ಆಟವಾ? ನಡೆಯುವುದಕ್ಕೆ ಬ್ಯಾಟ್ ಯಾಕೆ, ಛತ್ರಿ ಹಿಡಿದುಕೊಂಡು ಬರಬಹುದಲ್ಲ? ಬಿಡೋದನ್ನ ಯಾರೂ ಕಲಿಸಲ್ಲ ಯೋರ್ಡಿ ಅಂದೆ, ನಮ್ಮಪ್ಪ ಬಿಟ್ಟುಹೋದನಲ್ಲ, ಎಲ್ಲಿದ್ದಾನೋ ಹುಡುಕಿ ಅವನನ್ನೇ ಕೇಳು. ಅವನು ತಟ್ಟೆ ನೋಡಿಕೊಂಡು ಕೂತ. ಕಿಟಕಿಯ ಹತ್ತಿರ ನೀರಿನ ದೊಡ್ಡ ಕ್ಯಾನು ಇತ್ತು, ಅದರ ಬಾಯಿಯ ಮೇಲೆ ನೀಲಿ ಮುಚ್ಚಳ.

ಆ ಮುಚ್ಚಳ. ಸಕ್ಕರೆ ಮಿಲ್ಲಿನ ಹಿಂದಿನ ನಮ್ಮ ಬೀದಿಯಲ್ಲಿ ಚೆಂಡು ಯಾರ ಹತ್ತಿರ ಇತ್ತು, ಮುಚ್ಚಳ ಇತ್ತು, ಪೊರಕೆಯ ಕೋಲು ಇತ್ತು, ಕೋಲು ಒಂದೇ, ಕಾಯುವ ಹುಡುಗರು ಬೀದಿ ತುಂಬಾ, ಅದಕ್ಕೇ ನಮ್ಮ ಬೀದಿಯ ನಿಯಮ, ಬಿಟ್ಟರೆ ಔಟ್, ನಡೆಯುವುದು ಗಿಡೆಯುವುದು ಏನೂ ಇಲ್ಲ, ಮುಚ್ಚಳ ತಲೆಯ ಮೇಲೆ ಬರಲಿ, ಪಾದದ ಹತ್ತಿರ ಬರಲಿ, ಚರಂಡಿಯ ಕಡೆ ಹೋಗಲಿ, ಬೀಸಬೇಕು. ಎಸೆಯುವವನು ನಾನು, ಎರಡು ಬೆರಳಿನ ನಡುವೆ ಹಿಡಿದು ಮಣಿಕಟ್ಟು ಚಿಮ್ಮಿದರೆ ಮುಚ್ಚಳ ಮೇಲೇರುತ್ತದೆ, ಒಂದು ಪಕ್ಕಕ್ಕೆ ವಾಲಿಕೊಳ್ಳುತ್ತದೆ, ಅಲ್ಲೇ ಗಾಳಿಯಲ್ಲಿ ಒಂದು ಗಳಿಗೆ ನಿಂತುಬಿಡುತ್ತದೆ, ಬಿಸಿಲು ಅದರೊಳಗಿಂದ ನೀಲಿಯಾಗಿ ತೂರಿ ಬರುತ್ತದೆ, ಆಮೇಲೆ ದಬಕ್ಕನೆ ಮೊಣಕಾಲಿನ ಹೊರಗೆ ಕುಸಿಯುತ್ತದೆ. ಯಾರಿಗೂ ಸಿಗುತ್ತಿರಲಿಲ್ಲ. ಮೂಗು ಸುರಿಸಿಕೊಂಡು, ಅಮ್ಮನ ಚಪ್ಪಲಿ ಹಾಕಿಕೊಂಡು ಬಂದ ಯೋರ್ಡಿಗೆ ಸಿಕ್ಕಿತು, ಔಷಧಿ ಅಂಗಡಿಯ ತಗಡಿನ ಮೇಲೆ ಟಣ್ ಅಂತ ಬಿತ್ತು, ಅಂಗಡಿಯವನು ಹೊರಗೆ ಬಂದು ಯಾವನೋ ಅವ್ನು ಅಂತ ಬೈದ, ನನ್ನ ತಮ್ಮ ಕಣೋ, ಅಂದೆ ನಾನು, ಅಷ್ಟು ಎತ್ತರದ ದನಿಯಲ್ಲಿ ಮತ್ತೆ ಯಾವತ್ತೂ ಏನನ್ನೂ ಹೇಳಿಲ್ಲ. ಆ ಬೀಸು ಕಂಪ್ಯೂಟರಿನಲ್ಲಿ ಬರುತ್ತದಾ? ನೋಡಿ ಈ ತಂಡದ ಬ್ಯಾಟಿಂಗು, ನೋಡಿ, ಅರ್ಧ ಜನ ಚರ್ಚಿನ ಗೋಡೆಯ ಸಂತರ ಬೊಂಬೆಗಳ ಹಾಗೆ ನಿಂತು ಬರುತ್ತಾರೆ, ಇನ್ನರ್ಧ ಜನ ಚೆಂಡನ್ನು ಸಮುದ್ರಕ್ಕೇ ಹಾಕಬೇಕು ಅಂತ ಹೋಗಿ ಬೆನ್ನು ಹಿಡಿಸಿಕೊಳ್ಳುತ್ತಾರೆ, ಹಸಿದು ಬೀಸುವವನು ಒಬ್ಬನೇ, ಅವನ ಅಂಗಿಯೇ ಪನಾಮಾದವನಿಗೆ.

ಇಬ್ಬರು ಔಟು, ಹೇಗೋ ಆಯಿತು, ಒಂದು ಎತ್ತರದ ಹೊಡೆತ, ಒಂದು ಬಡ್ಡು ಹೊಡೆತ, ಅಷ್ಟರಲ್ಲಿ ಓಟಗಾರ ಮೂರನೇ ಬೇಸಿಗೆ ಬಂದುಬಿಟ್ಟಿದ್ದಾನೆ, ಇನ್ನೊಬ್ಬ ಔಟಾದರೆ ಗೆದ್ದೆವು, ವಾದ್ಯದವರು ಡೋಲು ಏರಿಸಿದ್ದಾರೆ, ಕಡಲೆಕಾಯಿಯವನು ಬುಟ್ಟಿ ಕೆಳಗಿಟ್ಟು ನಿಂತಿದ್ದಾನೆ — ತಡಿ. ಗೆದ್ದರೆ ನಮ್ಮವರು ಮತ್ತೆ ಬ್ಯಾಟ್ ಮಾಡುವುದೇ ಇಲ್ಲ. ಆಟ ಮುಗಿಯಿತು. ಯೋರ್ಡಿಗೆ ಇನ್ನೊಂದು ಸರದಿ ಇಲ್ಲ. ಅಂಗಿ ಹೋಯಿತು. ಇದು ಇಷ್ಟು ಹೊತ್ತು ಯಾಕೆ ಹೊಳೆಯಲಿಲ್ಲ ನನಗೆ, ಬಾಯಿ ತುಂಬಾ ಏಡಿಗಳು ಏಡಿಗಳು ಅಂತ ಕೂಗುತ್ತಿದ್ದೇನೆ, ಗಂಟಲು ಹರಿದಿದೆ, ಹುಟ್ಟಿದಾಗಿನಿಂದ ಏಡಿಗಳು, ಏಡಿಗಳು ಸೋತ ದಿನ ಅಮ್ಮ ನಮಗೆ ಅನ್ನ ಬಡಿಸಲೂ ಹೆದರುತ್ತಿದ್ದಳು — ಹೊಡೆದ, ನೆಲದ ಮೇಲೆ, ಸೀದಾ ಎಲ್ಪಿಡಿಯೊ ಕಡೆಗೆ, ಎರಡನೇ ಮೂರನೇ ಬೇಸಿನ ನಡುವೆ ನಿಲ್ಲುವ ಕುಳ್ಳ ಎಲ್ಪಿಡಿಯೊ, ಸುಲಭದ ಚೆಂಡು, ನನ್ನಜ್ಜಿ ಹಿಡಿಯುತ್ತಾಳೆ, ಎರಡು ಕೈಯಲ್ಲಿ ಹಿಡಿ, ಎರಡು ಕೈ, ಆ ಗಂಡಸು ಒಂದೇ ಕೈಯಲ್ಲಿ, ಅದೂ ಗ್ಲೌಸಿಲ್ಲದ ಕೈಯಲ್ಲಿ, ಗ್ಯಾಲರಿಯ ಹುಡುಗಿಯರಿಗೆ ತೋರಿಸುವುದಕ್ಕೆ — ಜಾರಿತು. ಕಾಲ ಸಂದಿಯಿಂದ ಹೋಯಿತು. ಮೂರನೇ ಬೇಸಿನ ಓಟಗಾರ ಒಳಗೆ ಬಂದ, ರನ್ನಾಯಿತು. ಮೂರು–ಮೂರು. ಇಡೀ ಸ್ಟೇಡಿಯಂ ಹೊಟ್ಟೆಗೆ ಗುದ್ದಿಸಿಕೊಂಡ ಹಾಗೆ ಕೂತಿತು. ಈ ಊರಿನ ಕಲ್ಲುರಸ್ತೆಯಲ್ಲಿ ಕಲಿತವನು ಮಾಡುವ ಕೆಲಸವಾ ಇದು, ಡಿಫೆನ್ಸ್ ಅಂದರೆ ಮದುವೆಮನೆ ಕುಣಿತವೇನೋ, ಮೊದಲು ಚೆಂಡು ಹಿಡಿ, ಆಮೇಲೆ ಕೂದಲು ಬಾಚಿಕೊ, ಅಂತ ನಾನು ಎದ್ದು ನಿಂತು ಬೈಯುತ್ತಿದ್ದೇನೆ, ಅವನ ಇಡೀ ವಂಶ ಬೈಯುತ್ತಿದ್ದೇನೆ, ಎದೆಯೊಳಗೆ ಮಾತ್ರ ಯಾರೋ ಡೋಲು ಬಡಿಯುತ್ತಿದ್ದಾರೆ, ಸರದಿ ಸಿಕ್ಕಿತು, ಸರದಿ ಸಿಕ್ಕಿತು. ಏನೋ ನಗ್ತಿದ್ದೀಯ, ಅಂದ ಮಾವ. ನಗ್ತಿಲ್ಲ ಮಾವ, ಹಲ್ಲು ಕಡೀತಿದ್ದೀನಿ. ಮುಂದಿನವನು ಔಟ್. ಈಗ ನಮ್ಮ ಬ್ಯಾಟಿಂಗು, ಒಂದು ರನ್ ಸಾಕು.

ಮೊದಲನೆಯವನು ಒಂದು ಹೊಡೆದು ಬೇಸಿಗೆ ಹೋದ, ನಂತರದವನು ಔಟ್, ಇನ್ನೊಬ್ಬ ಔಟ್, ಮತ್ತೊಬ್ಬ ಪಕ್ಕೆಗೆ ಚೆಂಡು ಹೊಡೆಸಿಕೊಂಡು ಬೇಸಿಗೆ ಹೋದ, ಎಲ್ಪಿಡಿಯೊ, ಪಾಪಿ, ಈಗ ಎರಡು ಕೈಯಲ್ಲಿ ಬ್ಯಾಟ್ ಹಿಡಿದು ಒಂದು ಸಣ್ಣ ಹೊಡೆತ ಹೊಡೆದ, ಮೂರು ಬೇಸೂ ತುಂಬಿತು, ಇಬ್ಬರು ಔಟ್, ಮುಂದೆ ಯೋರ್ಡಿ. ಲಿರಿಯಾನೊ ಎದ್ದ. ಬದಲಾಯಿಸಬೇಡ, ಬದಲಾಯಿಸಿದೆಯೋ ನಾನೇ ಕೆಳಗೆ ಹಾರುತ್ತೇನೆ — ಕೂತ. ಬೀಜ ಉಗುಳಿದ. ಒಳ್ಳೆಯದು. ತಂಬಾಕಿನವರ ಪಿಚರ್ ಹೊಸಬ, ಉದ್ದ ಕೈ, ಅವನ ಚೆಂಡು ಹತ್ತಿರ ಬಂದು ಹೊರಗೆ ಕುಸಿಯುತ್ತದೆ, ಎಲ್ಲೋ ನೋಡಿದ್ದೇನೆ ಇದನ್ನು, ಎಲ್ಲಿ ಏನು, ಮುಚ್ಚಳ ಕಣೋ, ಅದೇ ಮುಚ್ಚಳ, ಯೋರ್ಡೀ, ಮುಚ್ಚಳ, ಹೊಡಿ. ಬೀಸಿದ, ಸಿಗಲಿಲ್ಲ. ಪರವಾಗಿಲ್ಲ. ಬೀಸಿದ, ತುದಿಗೆ ತಾಗಿ ಹಿಂದಕ್ಕೆ ಹೋಯಿತು. ಎರಡು ಸ್ಟ್ರೈಕು, ಇನ್ನೊಂದು ತಪ್ಪಿದರೆ ಔಟ್. ಟೋಪಿಗೆ ಕೈ ಹಾಕಿದ, ತಲೆಯ ಮೇಲೆ ಹೆಲ್ಮೆಟ್ಟು, ಬೆವರು ಒರೆಸಲಾಗಲಿಲ್ಲ, ಒಮ್ಮೆ ಈ ಕಡೆ ನೋಡಿದ, ನನ್ನನ್ನೇ ನೋಡಿದ, ನಾನು ಎರಡೂ ಕೈ ಮಡಿಸಿ ಬೀಸು ಅಂತ ತೋರಿಸಿದೆ. ಚೆಂಡು ಬಂತು, ಬಿಟ್ಟ. ಏನಾಯಿತು ಇವನಿಗೆ, ಬಿಸಿಲು ಕಣ್ಣಿಗೆ ಬಿದ್ದಿರಬೇಕು. ಇನ್ನೊಂದು ಬಂತು, ಬಿಟ್ಟ. ಸುತ್ತಲಿನವರು ಮುಖ ಮುಖ ನೋಡಿಕೊಂಡರು, ಮಿಲ್ಲಿನ ಬೀದಿಯ ಹುಡುಗ ಬಿಡುತ್ತಿದ್ದಾನಲ್ಲ. ಹಿಂದಿನ ಸಾಲಿನ ಹೆಂಗಸು ಕರಿದ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಶುರುಮಾಡಿದಳು, ಬಿಡು ಮಗನೇ, ಬಿಡು, ಆಮೇಲೆ ಅವಳ ಸಾಲು, ಆಮೇಲೆ ಡೋಲಿನವರು ಅದಕ್ಕೇ ತಾಳ ಹಾಕಿದರು, ಬಿಡು, ಬಿಡು, ಬಿಡು, ಸ್ಟೇಡಿಯಂ ಪೂರ್ತಿ ಬಿಡು, ಮೂರನೆಯದನ್ನೂ ಬಿಟ್ಟ, ಮೂರು ಕೆಟ್ಟ ಚೆಂಡು, ಎರಡು ಸ್ಟ್ರೈಕು. ನಾನೊಬ್ಬನೇ ಹೊಡಿ ಅನ್ನುತ್ತಿದ್ದೇನೆ. ಬಿಡೋಕೆ ಹೇಳೋ, ಬಿಟ್ರೆ ನಾಲ್ಕನೇದು, ಬೇಸೆಲ್ಲಾ ತುಂಬಿದೆ, ಇವನು ನಡ್ಕೊಂಡು ಹೋದ್ರೂ ಮೂರನೇ ಬೇಸಿನವನು ಒಳಗೆ ಬರ್ತಾನೆ, ರನ್ನು, ಗೆದ್ವಿ, ಅನ್ನುತ್ತಿದ್ದಾನೆ ಮಾವ ನನ್ನ ತೋಳು ಜಗ್ಗಿ, ಮಾವ, ನಿಮಗೇನೂ ಗೊತ್ತಿಲ್ಲ, ಅವನನ್ನ ಬೆಳೆಸಿದವನು ನಾನು, ಆ ಕೈ ನನ್ನ ಕೈ, ಅವನು ಬೀಸೇ ಬೀಸ್ತಾನೆ, ಔಷಧಿ ಅಂಗಡಿ ತಗಡು ಕೇಳಿಸುತ್ತೆ ನೋಡಿ ಈಗ, ಟಣ್ ಅಂತ. ಉದ್ದ ಕೈಯವನು ಕಾಲೆತ್ತಿದ.

ಎಸೆದ. ನೇರ ಬರುತ್ತಿದೆ, ಒಳ್ಳೆ ಚೆಂಡು, ಎದೆಯ ಎತ್ತರಕ್ಕೆ, ಹೊಡಿ, ವಾಲಿಕೊಂಡಿತು, ನಿಂತಿತು, ಸಂಜೆಬಿಸಿಲಿನಲ್ಲಿ ಒಂದು ಗಳಿಗೆ ನಿಂತಿತು, ಈಗ, ಈಗಲೇ — ಬೀಸಿತು, ನನ್ನ ಕೈ ಬೀಸಿತು, ಮುಂದಿನವನ ಟೋಪಿ ಹಾರಿಹೋಯಿತು, ಕಡಲೆಕಾಯಿ ಚೆಲ್ಲಿತು, ಮೊಣಕೈಯೊಳಗೆ ಏನೋ ಲಟ್ ಅಂತು, ಚೆಂಡು ಅಷ್ಟರಲ್ಲಿ ಕುಸಿದು ಹೊರಗೆ, ಎಲ್ಲೋ ಹೊರಗೆ, ಧೂಳಿನಲ್ಲಿ, ಹಿಡಿಯುವವನ ಗ್ಲೌಸಿನಲ್ಲಿ. ಸ್ಟ್ರೈಕ್ ಅಂತ ಅಂಪೈರನ ಕೈ ಮೇಲೆ ಏಳಲಿಲ್ಲ, ನಾಲ್ಕನೇ ಕೆಟ್ಟ ಚೆಂಡು. ಜನ ಮೇಲೆದ್ದರು, ಬಿಯರು ಮಳೆಯ ಹಾಗೆ ಸುರಿಯಿತು, ಹಿಂದಿನ ಹೆಂಗಸು ರೊಟ್ಟಿಯ ಎಣ್ಣೆಕೈಯಲ್ಲಿ ನನ್ನ ತಲೆ ಹಿಡಿದು ಮುತ್ತು ಕೊಟ್ಟಳು, ಮಾವ ಮಾತ್ರ ಟ್ರಾನ್ಸಿಸ್ಟರ್ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದ, ತಡ್ಕೊ, ಅವನು ಹೇಳ್ಲಿ, ಅವನು ಹೇಳ್ಲಿ — ಬಿಟ್ಟ, ನೆಲ್ಫಿ, ರೇಡಿಯೋದವನು ಹೇಳ್ದ, ಯೋರ್ಡಿ ಬಿಟ್ಟ! ಗೊತ್ತು ಮಾವ. ಕಾಣುತ್ತಿದೆ. ಬ್ಯಾಟನ್ನು ಮಲಗಿದ ಮಗುವನ್ನು ಇಳಿಸುವ ಹಾಗೆ ನೆಲಕ್ಕೆ ಇಟ್ಟ, ನಡೆದ, ಓಡಲಿಲ್ಲ, ಮೊದಲನೇ ಬೇಸಿನ ತನಕ ನಡೆದೇ ಹೋದ, ಅಂಗಿ ಅವನ ಮೈಮೇಲೇ ಇದೆ, ಅದೇ ಬೇಕಾಗಿತ್ತು ನನಗೆ, ಅದಕ್ಕೇ ಬಂದಿದ್ದೆ, ಕೂಗಬೇಕು, ನನ್ನ ತಮ್ಮ ಕಣ್ರೋ ಅಂತ ಕೂಗಬೇಕು, ಕೂಗುತ್ತೇನೆ, ಈಗ ಕೂಗುತ್ತೇನೆ — ಎಲ್ಲಿ ಕಲಿತ, ಯಾವಾಗ, ಯಾರು ಕಲಿಸಿದರು, ಬೆಳಿಗ್ಗೆ ತಟ್ಟೆ ನೋಡಿಕೊಂಡು ಕೂತಿದ್ದನಲ್ಲ ಆಗಲಾ — ಕೈ ಇನ್ನೂ ಬೀಸಿದಲ್ಲೇ ನಿಂತಿದೆ, ಇಳಿಯುತ್ತಿಲ್ಲ, ಕಣ್ಣು ಮುಚ್ಚಿದರೆ ನಮ್ಮ ಬೀದಿ, ನಾನೇ ಎಸೆದದ್ದು, ಎರಡು ಬೆರಳಿನ ನಡುವಿಂದ ಹೋದದ್ದು, ಮೇಲೇರಿ, ವಾಲಿ, ಕೋಲು ಬರುತ್ತದೆ ಅಂತ ಕಾಯುತ್ತಾ ಗಾಳಿಯಲ್ಲೇ ನಿಂತಿದೆ, ನೀಲಿ ಮುಚ್ಚಳ, ಕೋಲು ಬರುತ್ತಿಲ್ಲ, ನಿಂತೇ ಇದೆ, ನೀಲಿ ಮುಚ್ಚಳ